ಅಲರ್ಜಿಗೆ ಇಮ್ಯುನಿಟಿ ಸಾಲದ್ದು ಕಾರಣವಲ್ಲ

ಕರ್ನಾಟಕದ ವಯಸ್ಕರ ರಕ್ತ ತೆಗೆದು, ಅವರು ದಿನಾ ತಿನ್ನುವ ಆಹಾರದ ಮೇಲೆ ಅಲರ್ಜಿಯ ಪ್ರತಿಕಾಯ ಇದೆಯೇ ಎಂದು ಹುಡುಕಿದರೆ, ನಾಲ್ವರಲ್ಲಿ ಒಬ್ಬರಿಗಾದರೂ ಅದು ಸಿಗುತ್ತದೆ. ಮೈಸೂರಿನ ವೈದ್ಯ ಪಿ.ಎ. ಮಹೇಶ್ ಮತ್ತು ಸಂಗಡಿಗರು ಯುರೋಪಿನ ಸಂಶೋಧಕರ ಜೊತೆಗೂಡಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಂದ ಲೆಕ್ಕ ನೂರಕ್ಕೆ 26.5. ಆದರೆ ನಿಜಕ್ಕೂ ಆಹಾರದ ಅಲರ್ಜಿ ಇರಬಹುದಾದವರು ಎಷ್ಟು ಎಂದು ನೋಡಿದಾಗ ಉಳಿದದ್ದು ನೂರಕ್ಕೆ 1.2 ಮಾತ್ರ. ಮಕ್ಕಳಲ್ಲಿ ಅಂತರ ಇನ್ನೂ ದೊಡ್ಡದು. ಹಾಂಕಾಂಗ್, ಚೀನಾ, ರಷ್ಯಾ ಮತ್ತು ಭಾರತದ ಶಾಲಾ ಮಕ್ಕಳನ್ನು ಹೋಲಿಸಿದ 2020ರ ವರದಿಯಲ್ಲಿ ನಮ್ಮ ಮಕ್ಕಳ ರಕ್ತದಲ್ಲಿ ಪ್ರತಿಕಾಯ ಹೇರಳವಾಗಿತ್ತು, ಆಹಾರದ ಅಲರ್ಜಿ ಇದ್ದದ್ದು ಮಾತ್ರ ನೂರಕ್ಕೆ 0.14. ಅಂದರೆ ರಕ್ತದಲ್ಲಿ 'ಪಾಸಿಟಿವ್' ಇರುವ ಬಹುಪಾಲು ಜನ ಅದೇ ಆಹಾರವನ್ನು ಹೊಟ್ಟೆತುಂಬ ಉಂಡು, ಕೈತೊಳೆದು, ತಮ್ಮ ಕೆಲಸಕ್ಕೆ ಹೋಗುತ್ತಿದ್ದಾರೆ. ಮೈಮೇಲೆ ಒಂದು ದದ್ದೂ ಏಳುವುದಿಲ್ಲ. ಅಲರ್ಜಿಯ ಬಗ್ಗೆ ನಮ್ಮಲ್ಲಿ ಬೇರೂರಿರುವ ಎರಡು ನಂಬಿಕೆಗಳಿಗೂ ಈ ಲೆಕ್ಕ ಹೊಂದುವುದಿಲ್ಲ. ಪದಾರ್ಥವೇ ಕೆಟ್ಟದ್ದು, ಬದನೆಕಾಯಿ ನಂಜು, ಅದನ್ನು ಬಿಟ್ಟರಾಯಿತು ಎನ್ನುವುದು ಒಂದು. 'ಇಮ್ಯುನಿಟಿ' ಕಡಿಮೆಯಾಗಿದೆ, ಕಷಾಯವನ್ನೋ ಮಾತ್ರೆಯನ್ನೋ ತೆಗೆದುಕೊಂಡು ಹೆಚ್ಚಿಸಿಕೊಂಡರಾಯಿತು ಎನ್ನುವುದು ಇನ್ನೊಂದು. ಅಲರ್ಜಿ ನಮ್ಮ ರೋಗನಿರೋಧಕ ವ್ಯವಸ್ಥೆ ಕಲಿತುಕೊಳ್ಳುವ ಒಂದು ವರ್ತನೆ. ಒಂದು ಪದಾರ್ಥವನ್ನು ಅದು ಮೊದಲು ಭೇಟಿಯಾದದ್ದು ದೇಹದ ಯಾವ ಬಾಗಿಲಲ್ಲಿ, ಯಾವ ಸನ್ನಿವೇಶದಲ್ಲಿ ಎಂಬುದರ ಮೇಲೆ ಆ ಕಲಿಕೆಯ ದಿಕ್ಕು ಬಹಳಷ್ಟು ಮಟ್ಟಿಗೆ ನಿಂತಿದೆ.

ಈ ಕಲಿಕೆ ನಡೆಯುವಾಗ ನಮಗೆ ಏನೂ ಗೊತ್ತಾಗುವುದಿಲ್ಲ. ಚರ್ಮದಲ್ಲಿ, ಮೂಗಿನ ಒಳಪದರದಲ್ಲಿ, ಕರುಳಿನ ಗೋಡೆಯಲ್ಲಿ ಕಾವಲು ಕೋಶಗಳಿವೆ. ಹೊರಗಿನಿಂದ ಬಂದ ಪ್ರೋಟೀನನ್ನು ಅವು ನುಂಗಿ, ತುಂಡುಮಾಡಿ, ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಅಲ್ಲಿನ ಟಿ ಕೋಶಗಳಿಗೆ ತೋರಿಸುತ್ತವೆ. ತೋರಿಸುವಾಗ ಜೊತೆಗೆ ಸುದ್ದಿಯೊಂದನ್ನೂ ಮುಟ್ಟಿಸುತ್ತವೆ: ಇದು ಸಿಕ್ಕಿದ ಜಾಗ ಶಾಂತವಾಗಿತ್ತೇ, ಗಾಯವಾಗಿ ಕೆರಳಿತ್ತೇ? ಕೆರಳಿದ ಜಾಗದ ಸುದ್ದಿ ಬಂದರೆ ಕೆಲವು ಟಿ ಕೋಶಗಳು 'ಟಿಎಚ್-2' ಎಂಬ ಬಗೆಗೆ ತಿರುಗಿ ಇಂಟರ್‌ಲ್ಯೂಕಿನ್-4 ಮತ್ತು 13 ಎಂಬ ರಾಸಾಯನಿಕಗಳನ್ನು ಸುರಿಸುತ್ತವೆ. ಅವುಗಳ ಅಪ್ಪಣೆಯಂತೆ ಬಿ ಕೋಶಗಳು ಐಜಿ-ಇ ಎಂಬ ಪ್ರತಿಕಾಯವನ್ನು ತಯಾರಿಸತೊಡಗುತ್ತವೆ. ರಕ್ತದ ಪ್ರತಿಕಾಯಗಳಲ್ಲೆಲ್ಲ ಅತ್ಯಂತ ಕಡಿಮೆ ಇರುವುದು ಇದೇ, ರಕ್ತದಲ್ಲಿ ಇದರ ಆಯುಸ್ಸೂ ಎರಡು ಮೂರು ದಿನಕ್ಕಿಂತ ಹೆಚ್ಚಿಲ್ಲ. ಆದರೆ ಇದು ರಕ್ತದಲ್ಲಿ ಉಳಿಯುವ ಜಾತಿಯಲ್ಲ. ಚರ್ಮ, ಶ್ವಾಸನಾಳ, ಕರುಳುಗಳಲ್ಲಿ ಹರಡಿಕೊಂಡಿರುವ ಮಾಸ್ಟ್ ಕೋಶಗಳ ಮೈಗೆ ಹೋಗಿ ಅಂಟಿಕೊಳ್ಳುತ್ತದೆ. ಅಲ್ಲಿ ವಾರಗಟ್ಟಲೆ ಕೂರಬಲ್ಲದು. ಪೌಲ್ ಎರ್ಲಿಖ್ 1878ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ವರ್ಣಿಸಿದ ಈ ಕೋಶಗಳು ಮದ್ದು ತುಂಬಿಟ್ಟ ಗರ್ನಾಲುಗಳಿದ್ದಂತೆ. ಒಳಗೆಲ್ಲ ಹಿಸ್ಟಮಿನ್ ತುಂಬಿದ ಕಣಗಳು, ಹೊರಗೆ ಬತ್ತಿಯ ಹಾಗೆ ಐಜಿ-ಇ. ಇಷ್ಟಾದ ಮೇಲೂ ಮನುಷ್ಯ ಆರಾಮಾಗಿಯೇ ಇರುತ್ತಾನೆ. ಕರ್ನಾಟಕದ ನೂರಕ್ಕೆ 26.5 ಜನ ದಾಟಿರುವುದು ಇಲ್ಲಿಯವರೆಗಿನ ಹಾದಿಯನ್ನು ಮಾತ್ರ.

ಎರಡನೆಯ ಹಂತವನ್ನು ಕಣ್ಣಾರೆ ಕಾಣಬೇಕಾದರೆ ಅಲರ್ಜಿ ವೈದ್ಯರ ಬಳಿ ನಡೆಯುವ ಚರ್ಮದ ಚುಚ್ಚು ಪರೀಕ್ಷೆಯನ್ನು ನೋಡಬೇಕು. ಮುಂಗೈಯ ಒಳಬದಿಯಲ್ಲಿ ಪೆನ್ನಿನಿಂದ ಗುರುತು ಹಾಕಿ, ಗುರುತಿಗೊಂದರಂತೆ ದ್ರವದ ಹನಿ ಇಡುತ್ತಾರೆ. ಒಂದು ದೂಳುನುಸಿಯ ಸಾರ, ಒಂದು ಸಿಗಡಿಯದು, ಒಂದು ಯಾವುದೋ ಗಿಡದ ಪರಾಗದ್ದು. ಕೊನೆಯ ಎರಡರಲ್ಲಿ ಒಂದು ಬರೀ ಉಪ್ಪುನೀರು, ಇನ್ನೊಂದು ನೇರ ಹಿಸ್ಟಮಿನ್. ಪ್ರತಿ ಹನಿಯ ಮೂಲಕ ಸಣ್ಣ ಮೊನೆಯಿಂದ ಚರ್ಮದ ಮೇಲ್ಪದರವನ್ನು ಚುಚ್ಚಿ ಬಿಡುತ್ತಾರೆ, ರಕ್ತವೂ ಬರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್ ಹಾಕಿದ ಜಾಗ ತುರಿಸತೊಡಗಿ, ನಡುವೆ ಸೊಳ್ಳೆ ಕಚ್ಚಿದ ಹಾಗೆ ಬಿಳಿಚಿದ ಬೊಕ್ಕೆ, ಸುತ್ತ ಕೆಂಪು ವರ್ತುಲ ಏಳುತ್ತದೆ. ಐಜಿ-ಇ ಇದ್ದವರಲ್ಲಿ ನುಸಿಯ ಸಾರದ ಜಾಗದಲ್ಲೂ ಇದೇ ಬೊಕ್ಕೆ ಏಳುತ್ತದೆ. ನುಸಿಯ ಪ್ರೋಟೀನು ಅಕ್ಕಪಕ್ಕದ ಎರಡು ಐಜಿ-ಇಗಳನ್ನು ಒಟ್ಟಿಗೆ ಹಿಡಿದು ಸೇತುವೆ ಕಟ್ಟಿದಾಗ ಮಾಸ್ಟ್ ಕೋಶ ತನ್ನ ಕಣಗಳನ್ನು ಹೊರಚೆಲ್ಲಿದೆ, ಅಷ್ಟೆ. ಹಿಸ್ಟಮಿನ್ ರಕ್ತನಾಳಗಳನ್ನು ಹಿಗ್ಗಿಸಿದ್ದರಿಂದ ಕೆಂಪು, ನಾಳಗಳಿಂದ ನೀರು ಜಿನುಗಿದ್ದರಿಂದ ಊತ, ನರದ ತುದಿಗಳನ್ನು ಕೆಣಕಿದ್ದರಿಂದ ತುರಿಕೆ. 15–20 ನಿಮಿಷದ ಹೊತ್ತಿಗೆ ಅಡ್ಡಳತೆ ತೆಗೆದು, ಉಪ್ಪುನೀರಿನ ಗುರುತಿಗಿಂತ ಕನಿಷ್ಠ 3 ಮಿಲಿಮೀಟರ್ ದೊಡ್ಡದಿದ್ದರೆ ಪಾಸಿಟಿವ್ ಎನ್ನುತ್ತಾರೆ. ಇದೇ ನಾಟಕ ಮೂಗಿನಲ್ಲಿ ನಡೆದರೆ ಸಾಲು ಸೀನು, ಶ್ವಾಸನಾಳದಲ್ಲಿ ನಡೆದರೆ ಉಬ್ಬಸ, ಮೈಯೆಲ್ಲ ಏಕಕಾಲಕ್ಕೆ ನಡೆದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಬೊಕ್ಕೆ ಇಳಿದ ಮೇಲೂ ಕಥೆ ಮುಗಿದಿರುವುದಿಲ್ಲ. ನಾಲ್ಕಾರು ಗಂಟೆಗಳ ನಂತರ ಇಯೊಸಿನೊಫಿಲ್ ಮುಂತಾದ ಕೋಶಗಳು ಬಂದು ಸೇರಿ ಎರಡನೆಯ ಸುತ್ತು ಶುರುಮಾಡುತ್ತವೆ. ಸಂಜೆ ದೂಳು ಕುಡಿದವರಿಗೆ ನಡುರಾತ್ರಿ ಎದೆ ಬಿಗಿಯುವುದಕ್ಕೆ ಇದೂ ಒಂದು ಕಾರಣ.

ಅಲರ್ಜಿ ರೋಗನಿರೋಧಕ ವ್ಯವಸ್ಥೆಯದೇ ಕೆಲಸ ಎಂಬುದನ್ನು ಒಬ್ಬ ವೈದ್ಯ ತನ್ನ ಹೊಟ್ಟೆಯ ಚರ್ಮದ ಮೇಲೇ ತೋರಿಸಿಕೊಟ್ಟಿದ್ದ. 1921ರಲ್ಲಿ, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್ ನಗರದಲ್ಲಿ, ಕಾರ್ಲ್ ಪ್ರಾಸ್ನಿಟ್ಸ್ ತನ್ನ ಸಹೋದ್ಯೋಗಿ ಹೈನ್ಸ್ ಕ್ಯುಸ್ಟ್‌ನರನ ರಕ್ತದ ಸೀರಮ್ಮನ್ನು ತನಗೆ ಚುಚ್ಚಿಕೊಂಡ. ಕ್ಯುಸ್ಟ್‌ನರನಿಗೆ ಮೀನು ಆಗುತ್ತಿರಲಿಲ್ಲ, ಪ್ರಾಸ್ನಿಟ್ಸನಿಗೆ ಮೀನಿನಿಂದ ಏನೂ ಆಗುತ್ತಿರಲಿಲ್ಲ. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಆ ಜಾಗದಲ್ಲಿ ಮಾತ್ರ ಬೊಕ್ಕೆ ಎದ್ದಿತು. ಮೀನು ಅದೇ, ಮನುಷ್ಯನೂ ಅವನೇ. ಬದಲಾದದ್ದು ರಕ್ತದಿಂದ ಬಂದ ಯಾವುದೋ ಒಂದು ವಸ್ತು. ಆ ವಸ್ತುವಿನ ಗುರುತು ಹತ್ತಲು ಮತ್ತೆ 45 ವರ್ಷ ಬೇಕಾಯಿತು. 1966ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಜಪಾನಿ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕ ಅದನ್ನು ಪತ್ತೆಹಚ್ಚಿದರು. ಸ್ವೀಡನ್ನಿನ ಉಪ್ಸಾಲಾದಲ್ಲಿ ಯೊಹಾನ್ಸನ್ ಮತ್ತು ಬೆನಿಕ್ ಬೇರೆ ದಾರಿಯಲ್ಲಿ ಅಲ್ಲಿಗೇ ಬಂದಿದ್ದರು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಐಜಿ-ಇ ಎಂದು ಹೆಸರಿಟ್ಟಿತು. ಇಶಿಜಾಕ ದಂಪತಿ ಬಳಸಿದ್ದು ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗದ ಅಲರ್ಜಿ ಇದ್ದವರ ರಕ್ತವನ್ನು. ಆ ಕಳೆ ನಮ್ಮ ರಸ್ತೆ ಬದಿಯ ಪಾರ್ಥೇನಿಯಂಗೆ, ಅಂದರೆ ಕಾಂಗ್ರೆಸ್ ಗಿಡಕ್ಕೆ, ಹತ್ತಿರದ ನೆಂಟ.

ಹಾಗಾದರೆ ಅಲರ್ಜಿಯವರ ಇಮ್ಯುನಿಟಿ ಕಡಿಮೆಯಾಗಿದೆ ಎನ್ನುವ ಬದಲು ಜಾಸ್ತಿಯಾಗಿದೆ ಎನ್ನೋಣವೇ? ಅದೂ ಸರಿಹೋಗುವುದಿಲ್ಲ. ಐಪೆಕ್ಸ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯೊಂದಿದೆ. ಅದರಲ್ಲಿ ಫಾಕ್ಸ್-ಪಿ3 ಎಂಬ ಒಂದೇ ಜೀನು ಕೆಟ್ಟಿರುತ್ತದೆ. ಅಂಥ ಗಂಡುಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ತೀವ್ರ ಇಸುಬು, ರಕ್ತದಲ್ಲಿ ವಿಪರೀತ ಐಜಿ-ಇ, ಆಹಾರದ ಅಲರ್ಜಿ, ಜೊತೆಗೆ ಸ್ವಂತ ಅಂಗಗಳ ಮೇಲೇ ದಾಳಿ, ಎಲ್ಲವೂ ಬರುತ್ತವೆ. ಆ ಜೀನಿನ ಕೆಲಸ ನಿಯಂತ್ರಕ ಟಿ ಕೋಶಗಳನ್ನು ರೂಪಿಸುವುದು. ಉಳಿದ ಕೋಶಗಳಿಗೆ 'ಸುಮ್ಮನಿರು' ಎಂದು ಕಡಿವಾಣ ಹಾಕುವ ಕೋಶಗಳು ಇವು. ಇವನ್ನೂ ಈ ಜೀನನ್ನೂ ಬೆಳಕಿಗೆ ತಂದ ಶಿಮೊನ್ ಸಕಗುಚಿ, ಮೇರಿ ಬ್ರಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ಇದರಿಂದ ತಿಳಿಯುವುದೇನೆಂದರೆ, ಶೇಂಗಾವನ್ನೋ ಹಾಲನ್ನೋ ಸಹಿಸಿಕೊಳ್ಳುವುದೂ ರೋಗನಿರೋಧಕ ವ್ಯವಸ್ಥೆ ಶ್ರಮಪಟ್ಟು ಮಾಡುವ ಒಂದು ಕೆಲಸ. ಬಲ ಹೆಚ್ಚೋ ಕಡಿಮೆಯೋ ಎಂಬ ಒಂದೇ ಅಳತೆಗೋಲಿನಿಂದ ಅದನ್ನು ಅಳೆಯಲು ಬರುವುದಿಲ್ಲ. 'ಇಮ್ಯುನಿಟಿ ಬೂಸ್ಟರ್' ಎಂದು ಮಾರುವವರನ್ನು ಯಾವ ಕೋಶವನ್ನು ಬೂಸ್ಟ್ ಮಾಡುತ್ತೀರಿ ಎಂದು ಒಮ್ಮೆ ಕೇಳಿ ನೋಡಬೇಕು. ಟಿಎಚ್-2 ಹೆಚ್ಚಿದರೆ ಅಲರ್ಜಿಯೇ ಹೆಚ್ಚೀತು.

ಕಲಿಕೆ ಯಾವ ಕಡೆಗೆ ವಾಲುತ್ತದೆ ಎಂಬುದು ಪದಾರ್ಥ ಒಳಬಂದ ಬಾಗಿಲಿನ ಮೇಲೆ ನಿಂತಿದೆ ಎಂಬ ಮಾತಿಗೆ ನನಗೆ ಅತ್ಯಂತ ಬಲವಾಗಿ ಕಾಣುವ ಸಾಕ್ಷ್ಯ ಜಪಾನಿನ ಒಂದು ಮುಖದ ಸೋಪು. ನೊರೆ ಮೃದುವಾಗಲೆಂದು ಅದಕ್ಕೆ ರಾಸಾಯನಿಕವಾಗಿ ತುಂಡರಿಸಿದ ಗೋಧಿಯ ಪ್ರೋಟೀನು ಬೆರೆಸಿದ್ದರು. ಹುಟ್ಟಿದಾಗಿನಿಂದ ಗೋಧಿಯ ನೂಡಲ್ಸು, ಬ್ರೆಡ್ಡು ತಿಂದುಕೊಂಡು ಬಂದ ಹೆಂಗಸರು ಆ ಸೋಪಿನಿಂದ ದಿನಾ ಮುಖ ತೊಳೆಯುತ್ತಾ ತೊಳೆಯುತ್ತಾ ಗೋಧಿಗೇ ಅಲರ್ಜಿ ಬೆಳೆಸಿಕೊಂಡರು. ಬ್ರೆಡ್ಡು ತಿಂದರೆ ಕಣ್ಣಿನ ರೆಪ್ಪೆ ಊದಿಕೊಳ್ಳುತ್ತಿತ್ತು, ಕೆಲವರಿಗೆ ಪ್ರಾಣಾಪಾಯದ ಆಘಾತವೂ ಆಯಿತು. ಇಂಥ 2,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. 2011ರಲ್ಲಿ ಸೋಪನ್ನು ಮಾರುಕಟ್ಟೆಯಿಂದ ವಾಪಸು ಪಡೆದರು. ಬಳಕೆ ನಿಂತ ಮೇಲೆ ಬಹಳ ಮಂದಿಯಲ್ಲಿ ಅಲರ್ಜಿ ನಿಧಾನವಾಗಿ ಇಳಿಯಿತು ಎಂಬುದೂ ಅಷ್ಟೇ ಮುಖ್ಯ. ಬಾಯಿಯ ಮೂಲಕ ದಶಕಗಟ್ಟಲೆ ಒಳಹೋಗಿ ಸಹ್ಯವಾಗಿದ್ದ ವಸ್ತು, ರೂಪ ಬದಲಿಸಿಕೊಂಡು ಚರ್ಮದ ಮೂಲಕ ಬಂದಾಗ ಶತ್ರುವಾಯಿತು. ಲಂಡನ್ನಿನ ಮಕ್ಕಳ ವೈದ್ಯ ಗಿಡಿಯೋನ್ ಲ್ಯಾಕ್ 2003ರಲ್ಲೇ ಶೇಂಗಾ ಎಣ್ಣೆಯಿದ್ದ ಮುಲಾಮುಗಳಿಗೂ ಮಕ್ಕಳ ಶೇಂಗಾ ಅಲರ್ಜಿಗೂ ನಂಟಿದೆ ಎಂದು ತೋರಿಸಿದ್ದರು. ಇಸುಬಿನಿಂದ ಬಿರುಕುಬಿಟ್ಟ ಕೂಸಿನ ಚರ್ಮದ ಮೂಲಕ ಒಳನುಗ್ಗಿದ ಶೇಂಗಾ ಅಪಾಯದ ಪಾಠ ಕಲಿಸುತ್ತದೆ, ಕರುಳಿನ ಮೂಲಕ ಹೋದದ್ದು ಸಹನೆಯ ಪಾಠ ಕಲಿಸುತ್ತದೆ ಎಂಬುದು ಅವರ ವಾದ.

ಆಗಿನ ವೈದ್ಯಕೀಯ ಸಲಹೆ ಇದಕ್ಕೆ ತದ್ವಿರುದ್ಧವಾಗಿತ್ತು. ಅಲರ್ಜಿಯ ಮನೆತನದ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಶೇಂಗಾ ತೋರಿಸಲೇಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ದಲ್ಲಿ ಹೇಳಿತ್ತು. ಆದರೆ ಲ್ಯಾಕ್ ಮತ್ತು ಸಂಗಡಿಗರು ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಯಹೂದಿ ಮಕ್ಕಳನ್ನೂ ಹೋಲಿಸಿದಾಗ ಬ್ರಿಟನ್ನಿನವರಲ್ಲಿ ಶೇಂಗಾ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚಿತ್ತು. ಇಸ್ರೇಲಿನಲ್ಲಿ ಹಲ್ಲು ಬರುವ ವಯಸ್ಸಿಗೇ ಶೇಂಗಾದ ಕುರುಕಲನ್ನು ಮಕ್ಕಳ ಕೈಗೆ ಕೊಡುವ ರೂಢಿ, ಬ್ರಿಟನ್ನಿನಲ್ಲಿ ಮುಚ್ಚಿಡುವ ರೂಢಿ. ಹೋಲಿಕೆಯೊಂದೇ ಸಾಕ್ಷ್ಯವಾಗುವುದಿಲ್ಲ, ಎರಡು ದೇಶಗಳ ನಡುವೆ ನೂರು ವ್ಯತ್ಯಾಸಗಳಿರುತ್ತವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೇ ಪ್ರಯೋಗ ನಡೆಯಿತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಕೂಸುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಶೇಂಗಾ ತಿನ್ನಿಸಿದರು, ಇನ್ನೊಂದರಿಂದ ದೂರವಿಟ್ಟರು. 2015ರಲ್ಲಿ ಬಂದ ಫಲಿತಾಂಶ: ಐದನೆಯ ವರ್ಷಕ್ಕೆ ಶೇಂಗಾ ಬಿಟ್ಟವರಲ್ಲಿ ನೂರಕ್ಕೆ 17.2 ಮಂದಿಗೆ ಅಲರ್ಜಿ, ತಿಂದವರಲ್ಲಿ 3.2. ತಂದೆತಾಯಿಗಳು ಜಾಗ್ರತೆಯೆಂದುಕೊಂಡು ಮಾಡಿದ್ದೇ ಮಕ್ಕಳಿಗೆ ಮುಳುವಾಗಿತ್ತು.

ಇದೆಲ್ಲ ಹುಟ್ಟಿನಿಂದ ಬರುವುದಲ್ಲವೇ, ಅಪ್ಪನಿಗೆ ಉಬ್ಬಸವಿದ್ದರೆ ಮಗನಿಗೂ ಬರುತ್ತದಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆನುವಂಶಿಕತೆಯ ಪಾಲು ದೊಡ್ಡದಿದೆ, ಆದರೆ ಅದು ಏನನ್ನು ದಾಟಿಸುತ್ತದೆ ಎಂದು ನೋಡಬೇಕು. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡ ಇಸುಬಿಗೆ ನಂಟಿರುವ ಜೀನೊಂದನ್ನು ಗುರುತಿಸಿತು. ಅದು ರೋಗನಿರೋಧಕ ಕೋಶದ ಜೀನಾಗಿರಲಿಲ್ಲ. ಚರ್ಮದ ಮೇಲ್ಪದರವನ್ನು ಬಿಗಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನದು. ಅಂದರೆ ಕೆಲವು ಕುಟುಂಬಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬರುವುದು ಸಡಿಲವಾದ ಬಾಗಿಲು. ದೂಳುನುಸಿ ಆ ಬಾಗಿಲನ್ನು ತಾನೇ ಕೊರೆಯುತ್ತದೆ. ಅದರ ಹಿಕ್ಕೆಯಲ್ಲಿರುವ ಮುಖ್ಯ ಅಲರ್ಜಿಕಾರಕವು ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವ. ಶ್ವಾಸನಾಳದ ಕೋಶಗಳ ನಡುವಿನ ಬೆಸುಗೆಯನ್ನು ಬಿಡಿಸಿ ಒಳದಾರಿ ಮಾಡಿಕೊಳ್ಳುತ್ತದೆ. ಜಗತ್ತಿನ ಲಕ್ಷಾಂತರ ಪ್ರೋಟೀನುಗಳಲ್ಲಿ ಬೆರಳೆಣಿಕೆಯಷ್ಟೇ ಯಾಕೆ ಅಲರ್ಜಿ ತರುತ್ತವೆ ಎಂಬ ಪ್ರಶ್ನೆಗೆ ಇದು ಒಂದು ಭಾಗದ ಉತ್ತರ.

ಇನ್ನು, ಪ್ರಾಣಕ್ಕೇ ಎರವಾಗುವ ಇಂಥ ವ್ಯವಸ್ಥೆಯನ್ನು ವಿಕಾಸ ಯಾಕೆ ಉಳಿಸಿಕೊಂಡಿತು? ಕರುಳಿನ ಜಂತುಗಳನ್ನು ಹೊರದಬ್ಬಲು ಎನ್ನುವುದು ಹಳೆಯ ಉತ್ತರ. ಜಂತುಬಾಧೆಯಲ್ಲಿ ಐಜಿ-ಇ ಏರುವುದು ನಿಜ. ವಿಷಗಳ ವಿರುದ್ಧ ಎನ್ನುವುದು ಇನ್ನೊಂದು. ಇದನ್ನು 1991ರಲ್ಲಿ ಮಾರ್ಗಿ ಪ್ರೊಫೆಟ್ ಮುಂದಿಟ್ಟಾಗ ಒಪ್ಪಿದವರು ಕಡಿಮೆ. 2013ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಯೇಲ್ ವಿಶ್ವವಿದ್ಯಾಲಯಗಳ ಎರಡು ತಂಡಗಳು ಬೇರೆ ಬೇರೆಯಾಗಿ ಇಲಿಗಳಲ್ಲಿ ಪರೀಕ್ಷಿಸಿದವು. ಜೇನ್ನೊಣದ ವಿಷದ ಸಣ್ಣ ಪ್ರಮಾಣಕ್ಕೆ ಮೊದಲೇ ಒಡ್ಡಿಕೊಂಡು ಐಜಿ-ಇ ಬೆಳೆಸಿಕೊಂಡ ಇಲಿಗಳು, ಮುಂದೆ ದೊಡ್ಡ ಪ್ರಮಾಣದ ವಿಷವನ್ನು ಉಳಿದವಕ್ಕಿಂತ ಚೆನ್ನಾಗಿ ತಡೆದುಕೊಂಡವು. ಸೀನು, ಕೆಮ್ಮು, ಕಣ್ಣೀರು, ವಾಂತಿ, ಭೇದಿ, ಎಲ್ಲವೂ ಒಳಬಂದದ್ದನ್ನು ಬೇಗ ಹೊರಹಾಕುವ ಉಪಾಯಗಳೇ ತಾನೆ. ಕೆಲಸಕ್ಕೆ ಬರುವ ಸಾಧನವೇ ತಪ್ಪು ವಸ್ತುವಿನ ಮೇಲೆ ತಿರುಗಿದಾಗ ನಾವು ಅದನ್ನು ರೋಗ ಎನ್ನುತ್ತೇವೆ.

ಮಣ್ಣಿನಲ್ಲಿ ಆಡಿಬಿಟ್ಟರೆ ಅಲರ್ಜಿ ಬರುವುದಿಲ್ಲ ಎಂಬ ಮಾತು ಈಗ ನಗರಗಳ ಅಪ್ಪ ಅಮ್ಮಂದಿರ ಬಾಯಲ್ಲಿ ಕೇಳಿಬರುತ್ತಿದೆ. ಅದರ ಮೂಲ 1989ರಲ್ಲಿ ಡೇವಿಡ್ ಸ್ಟ್ರಾಕನ್ ಗಮನಿಸಿದ ಸಂಗತಿ: ಬ್ರಿಟನ್ನಿನಲ್ಲಿ ಅಣ್ಣ ಅಕ್ಕಂದಿರು ಹೆಚ್ಚಿದ್ದಷ್ಟೂ ಮಗುವಿಗೆ ಪರಾಗದ ಅಲರ್ಜಿ ಕಡಿಮೆ. ಅಮೆರಿಕದ ಆಮಿಶ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳ 2016ರ ಹೋಲಿಕೆ ಇನ್ನೂ ಸ್ಪಷ್ಟ. ವಂಶಮೂಲ, ಆಹಾರ, ಕುಟುಂಬದ ಗಾತ್ರ ಹೆಚ್ಚುಕಡಿಮೆ ಒಂದೇ. ಆಮಿಶ್ ಮನೆಗಳ ಪಕ್ಕದಲ್ಲೇ ದನದ ಕೊಟ್ಟಿಗೆ, ಮಕ್ಕಳು ಅಲ್ಲೇ ಓಡಾಡಿಕೊಂಡಿರುತ್ತಾರೆ. ಹಟರೈಟರದು ದೂರದಲ್ಲಿ ಯಂತ್ರಗಳಿಂದ ನಡೆಯುವ ದೊಡ್ಡ ಫಾರಂ. ಶಾಲಾ ಮಕ್ಕಳಲ್ಲಿ ಉಬ್ಬಸ ಮೊದಲನೆಯವರಲ್ಲಿ ನೂರಕ್ಕೆ 5ರಷ್ಟು, ಎರಡನೆಯವರಲ್ಲಿ 21ರಷ್ಟು. ಆದರೆ ಇಲ್ಲಿ ಕೆಲಸ ಮಾಡಿದ್ದು ಕೊಟ್ಟಿಗೆಯ ಸೂಕ್ಷ್ಮಜೀವಿಗಳು, ಕೊಳಕು ಅಲ್ಲ. ಚರಂಡಿ ನೀರು ತರುವುದು ಟೈಫಾಯ್ಡನ್ನು, ವಾಹನದ ಹೊಗೆ ಕೆರಳಿಸುವುದು ಶ್ವಾಸನಾಳವನ್ನು. ನಮ್ಮ ಊರುಗಳಲ್ಲಿ ಮಣ್ಣಿಗೇನೂ ಕೊರತೆಯಿಲ್ಲದಿದ್ದರೂ ಮೂಗು ಸೋರುವ ಅಲರ್ಜಿಗೆ ಕೊರತೆಯಿಲ್ಲ ಎಂಬುದನ್ನು ನೋಡಿದರೆ, ಈ ವಾದವನ್ನು ಎಳೆಯಬಹುದಾದ ದೂರಕ್ಕೆ ಮಿತಿ ಇದೆ.

ಬದನೆಕಾಯಿಯ ವಿಚಾರಕ್ಕೆ ಬರೋಣ. ಅದನ್ನು ತಿಂದರೆ ತುರಿಸುತ್ತದೆ ಎನ್ನುವವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವೈ.ಪಿ. ವೆಂಕಟೇಶ್ ಮತ್ತು ಸಂಗಡಿಗರು 741 ಜನರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಪ್ರಕಾರ, ಬದನೆ ಆಗುವುದಿಲ್ಲ ಎಂದವರು ಅಥವಾ ಚುಚ್ಚು ಪರೀಕ್ಷೆಯಲ್ಲಿ ಬೊಕ್ಕೆ ಎದ್ದವರು ನೂರಕ್ಕೆ 9ರಷ್ಟು. ಐಜಿ-ಇಯಿಂದಾದ ನಿಜವಾದ ಅಲರ್ಜಿ 0.8. ಬದನೆಯಲ್ಲೇ ಹಿಸ್ಟಮಿನ್ ಇರುವುದರಿಂದ ಅದಕ್ಕೆ ಸೂಕ್ಷ್ಮವಾಗಿರುವ ಚರ್ಮದಲ್ಲಿ ಅಲರ್ಜಿಯ ಹಂಗಿಲ್ಲದೆಯೂ ಬೊಕ್ಕೆ ಏಳಬಹುದು ಎಂದೂ ಅದೇ ತಂಡ ತೋರಿಸಿತು. ತುರಿಕೆ ಸುಳ್ಳಲ್ಲ, ತಿಂದವರ ಅನುಭವವೂ ಸುಳ್ಳಲ್ಲ. ಕಾರಣ ಮಾತ್ರ ಬೇರೆ. ಪಾರ್ಥೇನಿಯಂನದು ಇನ್ನೊಂದು ಬಗೆ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ಬೆಂಗಳೂರನ್ನೂ ಮುತ್ತಿಕೊಂಡ ಈ ಗಿಡದ ಪರಾಗ ಮೂಗಿಗೆ ಹೋದರೆ ಐಜಿ-ಇ ದಾರಿಯಲ್ಲಿ ನಿಮಿಷಗಳಲ್ಲೇ ಸೀನು ತರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಅವರ ತಂಡ ಇದನ್ನು ವಿವರವಾಗಿ ಅಧ್ಯಯನ ಮಾಡಿತ್ತು. ಅದೇ ಗಿಡದ ಪಾರ್ಥೆನಿನ್ ಎಂಬ ರಾಸಾಯನಿಕ ಕಳೆ ಕೀಳುವವರ ಕೈ, ಕತ್ತು, ಮುಖದ ಚರ್ಮಕ್ಕೆ ಸೋಕಿದರೆ ಐಜಿ-ಇಯ ಪಾತ್ರವೇ ಇಲ್ಲ. ಟಿ ಕೋಶಗಳು ನೇರವಾಗಿ ಬಂದು ಒಂದೆರಡು ದಿನ ತಡೆದು ಚರ್ಮವನ್ನು ಕೆರಳಿಸುತ್ತವೆ. ಹಿಸ್ಟಮಿನ್ ತಡೆಯುವ ಮಾತ್ರೆ ಅಲ್ಲಿ ಹೆಚ್ಚೇನೂ ಮಾಡಲಾರದು. ಒಂದೇ ಗಿಡ, ಎರಡು ಬಾಗಿಲು, ಎರಡು ಬೇರೆ ಕಾಯಿಲೆ.

ಹೀಗಿರುವಾಗ ಲಕ್ಷಣವೇ ಇಲ್ಲದವರು ಒಂದೇ ಸೀಸೆ ರಕ್ತ ಕೊಟ್ಟು ಹತ್ತಾರು ಆಹಾರಗಳ ಪಟ್ಟಿ ತರಿಸಿಕೊಂಡು, ಪಾಸಿಟಿವ್ ಬಂದದ್ದನ್ನೆಲ್ಲ ತಟ್ಟೆಯಿಂದ ತೆಗೆಯುವುದು ಹಣ ಕೊಟ್ಟು ಉಪವಾಸ ಕೊಂಡುಕೊಂಡಂತೆ. ಮಕ್ಕಳ ವಿಷಯದಲ್ಲಿ ಅದು ಅಪಾಯಕಾರಿಯೂ ಹೌದು. ಸಹಿಸಿಕೊಂಡು ತಿನ್ನುತ್ತಿದ್ದ ಆಹಾರವನ್ನು ಬಿಡಿಸಿದಾಗ ಆ ಸಹನೆಯೇ ಕಳೆದುಹೋಗಿ ನಿಜವಾದ ಅಲರ್ಜಿ ಬಂದದ್ದುಂಟು. ಆದರೆ ಈ ತರ್ಕವನ್ನು ತಿರುಗಿಸಿ, ಸಿಗಡಿ ತಿಂದು ಒಮ್ಮೆ ಗಂಟಲು ಊದಿದವರು ಸ್ವಲ್ಪ ಸ್ವಲ್ಪ ತಿಂದು ರೂಢಿ ಮಾಡಿಕೊಳ್ಳುತ್ತೇನೆ ಎಂದರೆ ಅದು ಜೀವದ ಜೊತೆ ಜೂಜು. ಕಲಿಕೆ ಮುಗಿದ ಮೇಲಿನ ಲೆಕ್ಕವೇ ಬೇರೆ. ಅಂಥ ಆಘಾತಕ್ಕೆ ಮೊದಲ ಮದ್ದು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್. ಮೊದಲು ಅಲರ್ಜಿ ಮಾತ್ರೆ ನುಂಗಿ ಕಾದು ನೋಡೋಣ ಎಂದು ಕೂತರೆ ಕೈಮೀರಬಹುದು.

ಕಲಿತದ್ದನ್ನು ಮರೆಸುವ ಪ್ರಯತ್ನವೂ ಶತಮಾನದಷ್ಟು ಹಳೆಯದು. 1911ರಲ್ಲಿ ಲಂಡನ್ನಿನ ಲೆನರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಹಂತಹಂತವಾಗಿ ಏರಿಸುತ್ತಾ ರೋಗಿಗಳಿಗೆ ಚುಚ್ಚಿದ. ಇಂದಿಗೂ ಜೇನ್ನೊಣ, ನುಸಿ, ಪರಾಗಗಳ ಅಲರ್ಜಿಗೆ ಮೂರರಿಂದ ಐದು ವರ್ಷ ಹಿಡಿಯುವ ಅದೇ ಬಗೆಯ ಚಿಕಿತ್ಸೆ ನಡೆಯುತ್ತದೆ. ಅದರಿಂದ ನಿಯಂತ್ರಕ ಟಿ ಕೋಶಗಳು ಹೆಚ್ಚುತ್ತವೆ. ಐಜಿ-ಇಗಿಂತ ಮೊದಲೇ ಪದಾರ್ಥವನ್ನು ಹಿಡಿದುಬಿಡುವ ಐಜಿ-ಜಿ4 ಎಂಬ ಇನ್ನೊಂದು ಪ್ರತಿಕಾಯವೂ ಏರುತ್ತದೆ. ಐಜಿ-ಇಯನ್ನೇ ರಕ್ತದಲ್ಲಿ ಹಿಡಿದುಹಾಕುವ ಒಮಾಲಿಜುಮ್ಯಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2003ರಲ್ಲಿ ಉಬ್ಬಸಕ್ಕೂ 2024ರಲ್ಲಿ ಆಹಾರದ ಅಲರ್ಜಿಗೂ ಒಪ್ಪಿಗೆ ಸಿಕ್ಕಿತು. ಅದು ಕೊಡುತ್ತಿರುವಷ್ಟು ಕಾಲ ಕಾಯುತ್ತದೆಯೇ ಹೊರತು ನೆನಪನ್ನು ಅಳಿಸುವುದಿಲ್ಲ. ಶೇಂಗಾ ಅಲರ್ಜಿಯಿದ್ದ, ಒಂದರಿಂದ ಮೂರು ವರ್ಷದ 146 ಮಕ್ಕಳ ಮೇಲೆ ನಡೆದು 2022ರಲ್ಲಿ ಹೊರಬಂದ ಪ್ರಯೋಗದಲ್ಲಿ, ವೈದ್ಯರ ನಿಗಾದಲ್ಲಿ ದಿನಾ ಶೇಂಗಾ ಹಿಟ್ಟು ತಿಂದವರ ಪೈಕಿ ನೂರಕ್ಕೆ 71 ಮಕ್ಕಳು ಚಿಕಿತ್ಸೆ ಮುಗಿಯುವ ಹೊತ್ತಿಗೆ ಅದನ್ನು ತಡೆದುಕೊಳ್ಳಬಲ್ಲವರಾಗಿದ್ದರು. ಆಮೇಲೆ 26 ವಾರ ಶೇಂಗಾ ಪೂರ್ತಿ ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ಆ ಶಕ್ತಿ ಉಳಿದದ್ದು ನೂರಕ್ಕೆ 21 ಮಕ್ಕಳಲ್ಲಿ. ಆ 21ರಲ್ಲಿ ಸೇರುವ ಸಾಧ್ಯತೆ ಹೆಚ್ಚಿದ್ದದ್ದು ಶುರುವಿನಲ್ಲಿ ಐಜಿ-ಇ ಕಡಿಮೆಯಿದ್ದವರಿಗೆ, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ.